ಆಂಟಿಯ ಓವನ್ ಬಾಗಿಲು ಮತ್ತು ನಮ್ಮ ಇಂಜಿನಿಯರಿಂಗ್

ನಮ್ಮ ರೂಮಲ್ಲಿ ಮೆಕ್ಯಾನಿಕಲ್ ಮೂರು ಜನ, ಇ.ಸಿ. ಒಬ್ಬ. ಮೂರು ವರ್ಷದಲ್ಲಿ ಕಂಪ್ಯೂಟರ್ ಮೇಲೆ ಹಿಂಜ್‌ಗಳನ್ನು ಬೇಕಾದಷ್ಟು ಬರೆದಿದ್ದೀವಿ, ಸ್ಪ್ರಿಂಗ್ ಲೆಕ್ಕಕ್ಕೆ ಪೂರ್ತಿ ಮಾರ್ಕ್ಸೂ ತಗೊಂಡಿದ್ದೀವಿ. ಆದರೆ ಕೆಳಗಿನ ಮನೆ ಓನರ್ ಆಂಟಿ ಮೇಲೆ ಹತ್ತಿ ಬಂದು, "ಏನ್ರಪ್ಪಾ, ಇಂಜಿನಿಯರಿಂಗ್ ಓದ್ತೀರಲ್ಲ, ನಮ್ಮ ಓವನ್ ಬಾಗಿಲು ಸ್ವಲ್ಪ ನೋಡ್ತೀರಾ?" ಅಂದಾಗ ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಿಂತೆವು.

ಆಂಟಿ ಮನೆಯಲ್ಲೇ ಕೇಕು, ಬೆಣ್ಣೆ ಬಿಸ್ಕೆಟ್ ಮಾಡಿ ಮಾರ್ತಾರೆ. ಅದು ಅವರಿಗೆ ಹವ್ಯಾಸ ಅಲ್ಲ, ತಿಂಗಳ ಖರ್ಚಿನ ಬಾಬ್ತು. ಅವರ ಓಟಿಜಿಯ ಬಾಗಿಲು ಸರಿಯಾಗಿ ಕೂರದೆ ಮೇಲ್ಗಡೆ ಬಲಮೂಲೆಯಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಅದಕ್ಕೆ ಅವರು ಒರಳಿನ ಗುಂಡುಕಲ್ಲನ್ನು ಸ್ಟೂಲ್ ಮೇಲಿಟ್ಟು ಬಾಗಿಲಿಗೆ ಆನಿಸಿದ್ದರು. ಆದರೂ ಹಿಂದಿನ ಸಾಲಿನ ಬಿಸ್ಕೆಟ್ ಕರಕಲು, ಮುಂದಿನ ಸಾಲು ಹಸಿ. ಸಂದಿನಿಂದ ಬಿಸಿ ಹೊರಗೆ ಹೋಗ್ತಿದ್ದರೆ ಥರ್ಮೋಸ್ಟಾಟ್ ಕಟ್ ಆಗೋದೇ ಅಪರೂಪ, ಕಾಯಿಲ್ ಉರೀತಾನೇ ಇರುತ್ತೆ. ಕರೆಂಟ್ ಬಿಲ್ ಬೇರೆ. ಶನಿವಾರಕ್ಕೆ ಎರಡು ಕೇಕಿನ ಆರ್ಡರ್ ಇತ್ತು, ನಮ್ಮನ್ನು ಕರೆದದ್ದು ಗುರುವಾರ ಸಂಜೆ.

ಸರ್ವಿಸ್‌ನವರಿಗೆ ಅವರು ಮೊದಲೇ ಫೋನ್ ಮಾಡಿದ್ದರಂತೆ. ಮನೆಗೆ ಬಂದು ನೋಡೋಕೇ ಒಂದು ಚಾರ್ಜು. ಸ್ಪ್ರಿಂಗ್ ಬಿಡಿಯಾಗಿ ಸಿಗಲ್ಲ, ಬಾಗಿಲಿನ ಸೆಟ್ ಪೂರ್ತಿ ಹಾಕಿಸ್ಬೇಕು, ಅದರ ಬೆಲೆ ಓವನ್ ಬೆಲೆಯ ಅರ್ಧ. "ಇಷ್ಟು ಕೊಡೋ ಬದಲು ಹೊಸದೇ ತಗೊಂಬಿಡಿ ಮೇಡಂ" ಅಂತ ಸಲಹೆ ಬೇರೆ. ನಮಗೆ ಸಿಟ್ಟು ಬಂದಿದ್ದು ಇಲ್ಲಿ.

ಪ್ಲಗ್ ಕಿತ್ತು, ಓವನ್ ಪೂರ್ತಿ ತಣ್ಣಗಾದ ಮೇಲೆ ಪಕ್ಕದ ತಗಡು ಬಿಚ್ಚಿದೆವು. ಬೇಕಾದದ್ದು ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಕಟಿಂಗ್ ಪ್ಲೇಯರ್, ಬಿಚ್ಚುವ ಮುಂಚೆ ಮೊಬೈಲಲ್ಲಿ ನಾಲ್ಕು ಫೋಟೊ. (ತಗಡಿನ ಅಂಚು ಬ್ಲೇಡ್ ಇದ್ದಂಗೆ ಇರುತ್ತೆ. ನಮ್ಮಲ್ಲೊಬ್ಬನ ಬೆರಳಿಗೆ ಈಗಲೂ ಪಟ್ಟಿ ಇದೆ.) ಒಳಗೆ ರಹಸ್ಯವೇನೂ ಇರಲಿಲ್ಲ. ಬಾಗಿಲಿನ ಕೆಳಗಡೆ ಎರಡೂ ಪಕ್ಕ ಒಂದೊಂದು ಪಟ್ಟಿ, ಅದನ್ನು ಎಳೆದು ಹಿಡಿಯೋಕೆ ಒಂದೊಂದು ಸ್ಪ್ರಿಂಗ್. ಬಲಗಡೆ ಸ್ಪ್ರಿಂಗಿನ ಕೊಕ್ಕೆ ಮುರಿದು ಬಿದ್ದಿತ್ತು. ಎಡಗಡೆಯದು ಒಂದೇ ಎಳೀತಿದ್ದರಿಂದ ಬಾಗಿಲು ಓರೆಯಾಗಿತ್ತು. ಅಷ್ಟೇ!

ಮೊದಲು ಹಾರ್ಡ್‌ವೇರ್ ಅಂಗಡಿಯಿಂದ ಹೊಸ ಸ್ಪ್ರಿಂಗ್ ತಂದು ಹಾಕಿದೆವು. ಅದು ಎಷ್ಟು ಬಿರುಸು ಅಂದ್ರೆ ಬಾಗಿಲು ಕೈತಪ್ಪಿ ಠಪ್ ಅಂತ ಬಡೀತು. ಆಂಟಿ "ಅಯ್ಯೋ ಗಾಜು!" ಅಂತ ಕೂಗಿದ್ರು. ಅವರ ಭಯ ಸರಿಯೇ. ಆ ಟಫನ್ಡ್ ಗಾಜಿಗೆ ಅಂಚಿನಲ್ಲಿ ಪೆಟ್ಟು ಬಿದ್ದರೆ ಇಡೀ ಗಾಜು ಚೂರು ಚೂರಾಗುತ್ತೆ. ಆಮೇಲೆ ನಮ್ಮವನೊಬ್ಬ, "ಮಗಾ, ಹಳೇದರ ಕೊನೇ ಸುತ್ತನ್ನೇ ಬಗ್ಗಿಸಿ ಕೊಕ್ಕೆ ಮಾಡಿದ್ರೆ?" ಅಂದ. ಸ್ಪ್ರಿಂಗಿಗೆ 22 ಸುತ್ತಿತ್ತು. ಒಂದು ಕಳೆದರೆ 21. ಸುತ್ತು ಕಮ್ಮಿಯಾದಷ್ಟೂ ಸ್ಪ್ರಿಂಗ್ ಬಿಗಿ ಅನ್ನೋದು ನಮ್ಮದೇ ಸೂತ್ರ. ಹೆಚ್ಚಾಗೋದು ಸುಮಾರು ಶೇ. 5, ಬಾಗಿಲಿಗೆ ಗೊತ್ತೂ ಆಗಲ್ಲ. ಪರೀಕ್ಷೆ ಹಾಲಿನ ಹೊರಗೆ ಆ ಸೂತ್ರ ಕೆಲಸ ಮಾಡಿದ್ದನ್ನು ನಾವು ನೋಡಿದ್ದು ಅವತ್ತೇ ಮೊದಲು.

ಬಗ್ಗಿಸಿ, ಸಿಕ್ಕಿಸಿ, ಸಡಿಲವಾಗಿದ್ದ ಹಿಂಜ್ ಸ್ಕ್ರೂ ಬಿಗಿ ಮಾಡಿ, ತಣ್ಣಗಿರುವಾಗಲೇ ಬಾಗಿಲ ಸುತ್ತ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಎಳೆದು ನೋಡಿದೆವು. ಎಲ್ಲೂ ಸಲೀಸಾಗಿ ಜಾರಲಿಲ್ಲ. ಲ್ಯಾಬಿನಿಂದ ಥರ್ಮೋಕಪಲ್ ತರ್ತೀನಿ ಅಂತ ಇ.ಸಿ.ಯವನು ಹೊರಟಿದ್ದ. ಅಷ್ಟರಲ್ಲಿ ಆಂಟಿ ಒಂದು ಟ್ರೇ ಬಿಸ್ಕೆಟ್ ಒಳಗಿಟ್ಟಾಗಿತ್ತು. ಹಿಂದಿನ ಸಾಲೂ ಮುಂದಿನ ಸಾಲೂ ಒಂದೇ ಬಣ್ಣ. ಇದಕ್ಕಿಂತ ಒಳ್ಳೆ ಟೆಸ್ಟ್ ಯಾವ ಲ್ಯಾಬಲ್ಲಿದೆ? ಹಿಂಜ್‌ಗೆ ಕೊಬ್ಬರಿ ಎಣ್ಣೆ ಬಿಡ್ಬೇಡಿ, ಬಿಸಿಗೆ ಹೊಗೆಯಾಡಿ ಆಮೇಲೆ ಅಂಟಾಗುತ್ತೆ ಅಂತ ಹೇಳಿ ಬಂದೆವು.

ಈಗ ನಮ್ಮ ತಕರಾರಿಗೆ ಬರ್ತೀವಿ. ಹತ್ತು ಇಪ್ಪತ್ತು ರೂಪಾಯಿಯ ಒಂದು ಸ್ಪ್ರಿಂಗನ್ನು ಬಿಡಿಯಾಗಿ ಮಾರದೆ ಓವನ್ನನ್ನೇ ಗುಜರಿಗೆ ಕಳಿಸೋದು ಯಾವ ಸೀಮೆ ಡಿಸೈನು? ಯುರೋಪಿನ ಒಕ್ಕೂಟದಲ್ಲಿ 2021ರ ಮಾರ್ಚಿನಿಂದ ಮನೆಬಳಕೆಯ ಫ್ರಿಜ್ಜಿಗೆ ಒಂದು ನಿಯಮ ಇದೆ. ಆ ಮಾಡೆಲ್ ಮಾರುಕಟ್ಟೆಗೆ ಬರೋದು ನಿಂತ ಮೇಲೂ ಬಾಗಿಲಿನ ಹಿಂಜು, ಹಿಡಿ ಕನಿಷ್ಠ 7 ವರ್ಷ, ಗ್ಯಾಸ್ಕೆಟ್ 10 ವರ್ಷ ಬಿಡಿಯಾಗಿ ಸಿಗಬೇಕು, ಅದೂ ಮಾಮೂಲಿ ಗ್ರಾಹಕನಿಗೂ. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿದೆ. ಒಳ್ಳೇದೇ. ಆದರೆ ಪೋರ್ಟಲ್‌ನಲ್ಲಿ ಮಾಹಿತಿ ಸಿಗೋದು ಬೇರೆ, ಅಂಗಡಿಯಲ್ಲಿ ಸ್ಪ್ರಿಂಗ್ ಸಿಗೋದು ಬೇರೆ. ನಾಳೆ ಇಂಥ ಕಂಪನಿಗಳಲ್ಲಿ ಬಾಗಿಲು ಡಿಸೈನ್ ಮಾಡೋಕೆ ಕೂರೋರು ನಾವೇ ಅನ್ನೋದು ನೆನಪಾದಾಗ ಮಾತ್ರ ದನಿ ಸ್ವಲ್ಪ ತಗ್ಗುತ್ತೆ.

ಹಾಗಂತ ಕೈಗೆ ಸಿಕ್ಕಿದ್ದೆಲ್ಲ ಬಿಚ್ಚಿ ಅಂತಲೂ ನಾವು ಹೇಳ್ತಿಲ್ಲ. ಓಟಿಜಿ ಗೆದ್ದ ಹುಮ್ಮಸ್ಸಿನಲ್ಲಿ ಜೂನಿಯರ್ಸ್ ರೂಮಿನ ಮೈಕ್ರೋವೇವ್‌ಗೂ ಕೈ ಹಾಕೋಕೆ ಹೋಗಿದ್ವಿ. ಬಾಗಿಲಿನ ಕೊಕ್ಕೆ ಮುರಿದಿತ್ತು, ಮೆಷಿನ್ ಆನ್ ಆಗ್ತಿರಲಿಲ್ಲ. "ಸ್ವಿಚ್ ಶಾರ್ಟ್ ಮಾಡಿದ್ರೆ ಆಯ್ತಲ್ಲ, ವೀಡಿಯೊ ಇದೆ" ಅಂದ ಒಬ್ಬ ಜೂನಿಯರ್. ಇ.ಸಿ.ಯವನು ಅವನ ಕೈ ಹಿಡಿದು ಕೂರಿಸಿದ.

ಓಟಿಜಿಯ ಬಾಗಿಲು ಬಿಸಿ ತಡೆಯುತ್ತೆ, ಅಷ್ಟೇ ಅದರ ಕೆಲಸ. ಮೈಕ್ರೋವೇವ್ ಬಾಗಿಲು ಸುರಕ್ಷತೆಯ ಸರ್ಕ್ಯೂಟಿನದೇ ಒಂದು ಭಾಗ. ಕೊಕ್ಕೆಯ ಹಿಂದೆ ಸಾಮಾನ್ಯವಾಗಿ ಮೂರು ಸ್ವಿಚ್ ಇರುತ್ತವೆ. ಬಾಗಿಲು ತೆಗೆದಾಗ ಎರಡು ಸ್ವಿಚ್ ಕರೆಂಟ್ ಕಡಿಯುತ್ತವೆ. ಅವು ಅಂಟಿಕೊಂಡು ಕಡಿಯದಿದ್ದರೆ ಮೂರನೆಯದು ಬೇಕಂತಲೇ ಶಾರ್ಟ್ ಮಾಡಿ ಫ್ಯೂಸ್ ಸುಡುತ್ತೆ. ಗಾಜಿನ ಹಿಂದಿರೋ ತೂತಿನ ತಗಡೂ ಅಲಂಕಾರಕ್ಕಲ್ಲ. 2.45 ಗಿಗಾಹರ್ಟ್ಸ್ ಅಂದ್ರೆ ತರಂಗ ಸುಮಾರು 12 ಸೆಂಟಿಮೀಟರ್ ಉದ್ದ, ಒಂದೆರಡು ಮಿಲಿಮೀಟರ್ ತೂತಿನಲ್ಲಿ ಅದು ದಾಟೋಕಾಗಲ್ಲ. ಸ್ವಿಚ್ ಶಾರ್ಟ್ ಮಾಡಿ ಬಾಗಿಲು ತೆಗೆದರೆ ಈ ಏರ್ಪಾಡೆಲ್ಲ ವ್ಯರ್ಥ. ಇನ್ನು ಒಳಗೆ ಎರಡು ಸಾವಿರ ವೋಲ್ಟ್‌ನ ಕೆಪಾಸಿಟರ್ ಕೂತಿದೆ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಅದನ್ನು ಬಲ್ಲ ಮೆಕ್ಯಾನಿಕ್ ಅಣ್ಣನ ಹತ್ತಿರ ಹೊತ್ಕೊಂಡು ಹೋದ್ವಿ. ಕೊಕ್ಕೆ ಬದಲಾಯಿಸಿ ಆರುನೂರು ತಗೊಂಡ್ರು. ದುಡ್ಡು ಹೋಯ್ತು ಅಂತ ಯಾರಿಗೂ ಅನ್ನಿಸಲಿಲ್ಲ.

ಎಲ್ಲಿ ಕೈ ಹಾಕ್ಬೇಕು, ಎಲ್ಲಿ ಹಾಕ್ಬಾರದು ಅನ್ನೋದನ್ನು ನಮಗೆ ಯಾವ ಸೆಮಿಸ್ಟರಲ್ಲೂ ಯಾರೂ ಕಲಿಸಲಿಲ್ಲ. ಮೊದಲ ವರ್ಷ ವರ್ಕ್‌ಶಾಪಿನಲ್ಲಿ ತಗಡು ಉಜ್ಜಿ ಉಜ್ಜಿ ಫಿಟ್ಟಿಂಗ್ ಮಾಡಿದ್ದು ಬಿಟ್ಟರೆ ಕೆಟ್ಟುಹೋದ ಒಂದು ವಸ್ತುವನ್ನು ನಮ್ಮ ಮುಂದೆ ಇಟ್ಟವರಿಲ್ಲ. ಲ್ಯಾಬಿನಲ್ಲಿ ಇರೋದೆಲ್ಲ ಸರಿ ಇರುತ್ತೆ, ಇಲ್ಲಾ ಬೀಗ ಹಾಕಿರುತ್ತೆ. ಆಮ್‌ಸ್ಟರ್‌ಡ್ಯಾಮಿನಲ್ಲಿ 2009ರಲ್ಲಿ ರಿಪೇರಿ ಕೆಫೆ ಅಂತ ಶುರುವಾಯ್ತು: ಜನ ಕೆಟ್ಟದ್ದನ್ನು ತರ್ತಾರೆ, ಬಲ್ಲವರ ಜೊತೆ ಕೂತು ತಾವೇ ಸರಿ ಮಾಡ್ಕೊಂಡು ಹೋಗ್ತಾರೆ. ನಮ್ಮ ಕಾಲೇಜು ತಿಂಗಳಿಗೊಂದು ಶನಿವಾರ ವರ್ಕ್‌ಶಾಪಿನ ಬಾಗಿಲು ಹಾಗೆ ತೆಗೆದಿಡಲಿ. ಲ್ಯಾಬ್ ಇನ್‌ಸ್ಟ್ರಕ್ಟರ್ ಸರ್ ಒಬ್ಬರು ಪಕ್ಕದಲ್ಲಿದ್ದರೆ ಸಾಕು. ಯಾವುದನ್ನು ಮುಟ್ಟಬಾರದು ಅನ್ನೋದು ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಅರ್ಜಿ ಬರೆದಾಗಿದೆ, ಸಹಿ ಹಾಕೋರು ನಮ್ಮ ರೂಮಿಗೆ ಬನ್ನಿ.

ಬಂದವರಿಗೆ ಬಿಸ್ಕೆಟ್ ಸಿಗಬಹುದು. ಆಂಟಿ ಈಗ ಮಿಕ್ಸಿ ತಂದಿಟ್ಟು ಹೋಗಿದ್ದಾರೆ. ಬಾಡಿಗೆ ಮಾತ್ರ ಒಂದು ರೂಪಾಯಿನೂ ಇಳಿಸಿಲ್ಲ.