ಬಾಟಲಿಯ ಬಿರಡೆ ಬಿಗಿಯುವ ಮುನ್ನ

ಶುಂಠಿಯ ದರ ಬಿದ್ದು ಕೀಳುವ ಕೂಲಿಯೂ ಹುಟ್ಟದಂತಾದ ವರ್ಷಗಳಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಶುಂಠಿಯ ಪ್ರಯೋಗಗಳು ಹೆಚ್ಚುತ್ತವೆ. ತಂಬುಳಿ, ಶರಬತ್ತು, ಉಪ್ಪಿನಕಾಯಿ ಇವು ಹಳೆಯವು. ಈಚೆಗೆ ಈ ಸಾಲಿಗೆ ಶುಂಠಿ ಬಿಯರ್ ಎಂಬುದೂ ಬಂದು ಸೇರಿದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ರೂಢಿಗೆ ಬಂದ ಈ ಪಾನೀಯದ ಹೆಸರಿನಲ್ಲಿ ಬಿಯರ್ ಇದೆಯೇ ಹೊರತು ಬಾರ್ಲಿಯೂ ಇಲ್ಲ, ಹಾಪ್ಸ್ ಹೂವೂ ಇಲ್ಲ. ಶುಂಠಿ, ಸಕ್ಕರೆ, ನಿಂಬೆಹಣ್ಣು, ಬಾವಿನೀರು ಮತ್ತು ಒಂದಿಷ್ಟು ಹೆಪ್ಪು, ಇಷ್ಟೇ ಸಾಮಗ್ರಿ. ಕುಡಿಯಲು ಹಿತ, ಖರ್ಚು ಕಡಿಮೆ. ನಾವೂ ಮಾಡಿದ್ದೇವೆ, ಬಂದವರಿಗೆ ಕೊಟ್ಟು ಹೊಗಳಿಸಿಕೊಂಡೂ ಇದ್ದೇವೆ. ಆದರೆ ಇದನ್ನು ಬಾಟಲಿಗೆ ತುಂಬುವ ವಿಷಯದಲ್ಲಿ ನಮ್ಮಲ್ಲಿ ನಡೆಯುತ್ತಿರುವ ಅಜಾಗರೂಕತೆಯನ್ನು ಕುರಿತು ಎರಡು ಮಾತು ಬರೆಯಲೇಬೇಕಾಗಿದೆ.

ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಒಂದು ಏಪ್ರಿಲ್ ತಿಂಗಳಲ್ಲಿ ಆರು ಖಾಲಿ ವಿಸ್ಕಿ ಬಾಟಲಿಗಳನ್ನು ತೊಳೆದು, ಶುಂಠಿ ಬಿಯರ್ ತುಂಬಿ, ಮುಚ್ಚಳ ಬಿಗಿಮಾಡಿ ಉಗ್ರಾಣದ ಹಲಗೆಯ ಮೇಲೆ ಅಕ್ಕಿ ಡಬ್ಬಿಯ ಪಕ್ಕದಲ್ಲಿ ಸಾಲಾಗಿ ಇಟ್ಟೆವು. ನಾಲ್ಕನೆಯ ದಿನ ಬೆಳಗಿನ ಜಾವ ತೋಟಾ ಹಾರಿದಂತಹ ಸದ್ದು. ಒಂದು ಸಿಡಿದು ಪಕ್ಕದ ಎರಡನ್ನೂ ಒಡೆದಿತ್ತು. ಗಾಜಿನ ಚೂರು ಎದುರಿನ ಬಾಗಿಲಿನ ಮರದಲ್ಲಿ ನಾಟಿ ನಿಂತಿತ್ತು, ಅದೂ ಆಳು ನಿಂತಾಗ ಮುಖ ಬರುವ ಎತ್ತರದಲ್ಲಿ. ದಿನವೂ ಆ ಹೊತ್ತಿಗೆ ಅಕ್ಕಿ ಅಳೆಯಲು ಹೋಗುವವರು ಅಂದು ಅರ್ಧ ಗಂಟೆ ತಡವಾಗಿ ಎದ್ದಿದ್ದರು. ಆ ಅಕ್ಕಿಯನ್ನು ಗಾಜಿನ ಭಯದಿಂದ ದನಕ್ಕೂ ಹಾಕಲಾಗಲಿಲ್ಲ.

ಏಕೆ ಹೀಗಾಯಿತೆಂದು ಕುಳಿತು ಲೆಕ್ಕ ಹಾಕಿದಾಗಲೇ ನಮಗೆ ವಿಷಯ ತಿಳಿದದ್ದು. ಹುದುಗು ಎಬ್ಬಿಸುವ ಯೀಸ್ಟ್ ಸಕ್ಕರೆಯನ್ನು ತಿಂದು ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗವನ್ನು ಮದ್ಯಸಾರವಾಗಿಯೂ ಇನ್ನರ್ಧವನ್ನು ಇಂಗಾಲದ ಡೈಆಕ್ಸೈಡ್ ಅನಿಲವಾಗಿಯೂ ಮಾಡುತ್ತದೆ. ಬ್ರಿಟನ್ನಿನಲ್ಲಿ 1963ರಿಂದ ಮನೆಬಳಕೆಯ ಬಿಯರಿಗೆ ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ 1978ರ ಕಾನೂನು ಅದಕ್ಕೆ ದಾರಿ ಮಾಡಿತು. ಆ ದೇಶಗಳ ಹವ್ಯಾಸಿಗಳು ಬಾಟಲಿ ತುಂಬುವ ಕ್ರಮ ನೋಡಿ. ಮೊದಲು ದೊಡ್ಡ ಪಾತ್ರೆಯಲ್ಲಿ ಹುದುಗು ಪೂರ್ತಿ ಮುಗಿಯಬೇಕು. ಹೈಡ್ರೋಮೀಟರ್ ಇಳಿಬಿಟ್ಟು ಎರಡು ಮೂರು ದಿನ ಒಂದೇ ಅಂಕ ಬಂದ ಮೇಲೆಯೇ ಮುಗಿಯಿತೆಂದು ಲೆಕ್ಕ. ಆಮೇಲೆ ನೊರೆಗೆಂದು ಲೀಟರಿಗೆ ಸುಮಾರು 6ರಿಂದ 7 ಗ್ರಾಂ ಸಕ್ಕರೆಯನ್ನು ತೂಗಿ ಹಾಕಿ ಬಿರಡೆ ಬಿಗಿಯುತ್ತಾರೆ. ಅಷ್ಟು ಅಲ್ಪ ಸಕ್ಕರೆಯಿಂದಲೇ ಬಾಟಲಿಯೊಳಗೆ ಕಾರಿನ ಟಯರಿನಲ್ಲಿರುವಷ್ಟು ಒತ್ತಡ ಹುಟ್ಟುತ್ತದೆ. ನಾವು ಉಗ್ರಾಣದಲ್ಲಿಟ್ಟ ಬಾಟಲಿಗಳಲ್ಲಿದ್ದ ಸಕ್ಕರೆ ಲೀಟರಿಗೆ ನೂರು ಗ್ರಾಂ! ಹುದುಗು ಆಗಷ್ಟೇ ಶುರುವಾಗಿತ್ತು. ವಿಸ್ಕಿ ಬಾಟಲಿಯೋ, ಒತ್ತಡಕ್ಕೆಂದು ಮಾಡಿದ್ದಲ್ಲ. ಉಳಿದ ಮೂರು ಹೇಗೆ ತಡೆದವೋ ನಮಗೆ ಇಂದಿಗೂ ಆಶ್ಚರ್ಯ.

ಹಾಗಾದರೆ ಬಿಯರಿನವರಂತೆ ನಾವೂ ಹುದುಗು ಮುಗಿಯುವವರೆಗೆ ಕಾದು ತುಂಬಿದರೆ ಸರಿಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಆ ದಾರಿ ನಮಗೆ ಮುಚ್ಚಿದೆ. ಲೀಟರಿಗೆ ನೂರು ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಅಂಗಡಿಯ ಬಿಯರಿನಷ್ಟೇ ಮದ್ಯಸಾರ ಬರುತ್ತದೆ. ಅದು ಶುಂಠಿಯ ತಂಪು ಪಾನೀಯವಾಗಿ ಉಳಿಯುವುದಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಕಾನೂನಿನ ಮಾತು ಹಾಗಿರಲಿ, ಮಕ್ಕಳಿಗೂ ಅಜ್ಜಂದಿರಿಗೂ ಲೋಟದಲ್ಲಿ ಕೊಡುವ ಪದಾರ್ಥವದು. ಆದುದರಿಂದ ಹುದುಗು ಎಳೆಯದಾಗಿರುವಾಗಲೇ ನಿಲ್ಲಿಸಬೇಕು. ಆಗ ಬಾಟಲಿಯಲ್ಲಿ ಸಕ್ಕರೆಯೂ ಯೀಸ್ಟೂ ಜೀವಂತವಾಗಿರುತ್ತವೆ. ಅಂತಹ ಬಾಟಲಿಗೆ ಬೀಗವೆಂದರೆ ಫ್ರಿಜ್ಜಿನ ತಂಪು ಒಂದೇ. ಅದೂ ಯೀಸ್ಟನ್ನು ಕೊಲ್ಲುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ. ಬಿರಡೆ ಹಾಕಿದ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಯೀಸ್ಟನ್ನು ಸಾಯಿಸುತ್ತೇವೆಂದು ಹೊರಡುವವರು ಸಿಡಿತವನ್ನು ಅಡುಗೆಮನೆಗೇ ಕರೆತರುತ್ತಾರೆ.

ಗಾಜು ಈ ಪಾನೀಯಕ್ಕೆ ಸಲ್ಲದು ಎಂಬುದು ನಮ್ಮ ಖಚಿತ ಅಭಿಪ್ರಾಯ. ನೋಡಲು ಚೆಂದವೆನ್ನುವವರು ಬಡಿಸುವಾಗ ಗಾಜಿನ ಹೂಜಿಗೆ ಸುರಿಯಲಿ. ತುಂಬಿಡಲು ಸೋಡಾ ಅಥವಾ ಕೋಲಾ ಬಂದ ಪ್ಲಾಸ್ಟಿಕ್ ಬಾಟಲಿಯೇ ಉತ್ತಮ. ಅದನ್ನು ಒತ್ತಡಕ್ಕೆಂದೇ ಮಾಡಿರುತ್ತಾರೆ; ಅದಕ್ಕಿಂತ ಮುಖ್ಯವಾಗಿ, ಕೈಯಿಂದ ಹಿಸುಕಿದರೆ ಒಳಗಿನ ಸ್ಥಿತಿ ಗೊತ್ತಾಗುತ್ತದೆ. ನೀರಿನ ಬಾಟಲಿ ಆಗದು, ಅದು ತೆಳು.

ನಾವು ಈಗ ಅನುಸರಿಸುವ ಕ್ರಮ ಹೀಗಿದೆ. ಸಿಪ್ಪೆಸಹಿತ ತುರಿದ ಶುಂಠಿ ಒಂದು ಚಮಚ, ಸಕ್ಕರೆ ಒಂದು ಚಮಚದಂತೆ ದಿನವೂ ಒಂದು ಲೋಟ ನೀರಿರುವ ಜಾಡಿಗೆ ಹಾಕಿ, ಬಟ್ಟೆ ಕಟ್ಟಿಟ್ಟರೆ ಐದಾರು ದಿನದಲ್ಲಿ ಗುಳ್ಳೆಯೆದ್ದು ಹೆಪ್ಪು ಸಿದ್ಧ. ಶುಂಠಿ ಕುದಿಸಿದ ಒಂದು ಲೀಟರು ನೀರಿಗೆ ನೂರು ಗ್ರಾಂ ಸಕ್ಕರೆ ಕರಗಿಸಿ, ಪೂರ್ತಿ ಆರಿದ ಮೇಲೆ ನಿಂಬೆರಸ ಮತ್ತು ಅರ್ಧ ಲೋಟ ಸೋಸಿದ ಹೆಪ್ಪು. ಬಿಸಿಯಿರುವಾಗ ಹೆಪ್ಪು ಹಾಕಿದರೆ ಏನಾಗುವುದೆಂದು ಮೊಸರು ಮಾಡುವವರಿಗೆ ಹೇಳಬೇಕಾಗಿಲ್ಲ. ಭರಣಿಯಲ್ಲಿ ಒಂದು ದಿನ ಬಟ್ಟೆ ಮುಚ್ಚಿಟ್ಟು, ನಂತರ ಮೇಲೆ ಎರಡು ಬೆರಳು ಜಾಗ ಬಿಟ್ಟು ಬಾಟಲಿಗೆ ತುಂಬುವುದು. ಬೆಳಗ್ಗೆ ಸಂಜೆ ಹಿಸುಕಿ ನೋಡುವುದು. ಗಟ್ಟಿಯಾದ ತಕ್ಷಣ ಫ್ರಿಜ್ಜಿಗೆ, ವಾರದೊಳಗೆ ಖಾಲಿ. ಡಿಸೆಂಬರಿನ ಚಳಿಯಲ್ಲಿ ಮೂರು ದಿನ ಹಿಡಿದದ್ದು ಏಪ್ರಿಲಿನಲ್ಲಿ ಒಂದೇ ದಿನಕ್ಕೆ ಆಗಬಹುದು. ಆದುದರಿಂದ ಎಷ್ಟು ಗಂಟೆ ಎಂದು ಯಾರೂ ನಮ್ಮನ್ನು ಕೇಳಬಾರದು.

ಗಡಿಯಾರ ನೋಡದೆ ಕೈಯಿಂದ ನೋಡುವ ಪಾಠ ಕಾಫಿ ಬೆಳೆಗಾರರಿಗೆ ಹೊಸದೇ? ಪಲ್ಪಿಂಗ್ ಮಾಡಿದ ಅರೇಬಿಕಾ ಬೇಳೆಯ ಅಂಟು ಬಿಡಲು ತೊಟ್ಟಿಯಲ್ಲಿ 24ರಿಂದ 36 ಗಂಟೆ ಎನ್ನುವುದು ಬಾಯಿಮಾತಿನ ಲೆಕ್ಕ. ಆದರೂ ತೊಳೆಯುವ ಮುನ್ನ ಒಂದು ಹಿಡಿ ಬೇಳೆ ತೆಗೆದು ಉಜ್ಜಿ, ಜಾರದೆ ಮರಳಿನಂತೆ ಗರಗರ ಎನ್ನುವುದೇ ಎಂದು ನೋಡುತ್ತೇವಲ್ಲವೆ? ತಡವಾದರೆ ವಾಸನೆ ಹಿಡಿದು ದರ ಹೋಗುತ್ತದೆ. ಅಡಿಕೆಯವರಂತೂ ಇನ್ನೂ ಲೆಕ್ಕದವರು. ಬೋರ್ಡೋ ದ್ರಾವಣಕ್ಕೆ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ತೂಗಿ ಹಾಕುವ ಕೈ, ಶುಂಠಿ ಬಿಯರಿಗೆ ಬಂದಾಗ ಸಕ್ಕರೆಯನ್ನು ಹಿಡಿ ಹಿಡಿಯಾಗಿ ಸುರಿಯುವುದೇಕೋ ತಿಳಿಯದು.

ಶುಚಿಯ ವಿಷಯ ಚಿಕ್ಕದಾಗಿ ಹೇಳುತ್ತೇವೆ. ಬಿಯರ್ ಕೆಡುವುದು ಪರಕೀಯ ಸೂಕ್ಷ್ಮಜೀವಿಗಳಿಂದ ಎಂದು ಲೂಯಿ ಪಾಶ್ಚರ್ 1876ರಲ್ಲಿ ಒಂದು ಗ್ರಂಥವನ್ನೇ ಬರೆದನು. ಬಾಟಲಿ ಖಾಲಿಯಾದ ಕೂಡಲೇ ತೊಳೆದಿಟ್ಟರೆ ಮುಕ್ಕಾಲು ಕೆಲಸ ಮುಗಿಯಿತು. ಒಣಗಿದ ಗಸಿಯನ್ನು ಆಮೇಲೆ ಯಾವ ಬ್ರಷ್ಷೂ ಬಿಡಿಸದು.

ನಮ್ಮ ಸದಸ್ಯರಲ್ಲಿ ಹೋಂಸ್ಟೇ ನಡೆಸುವವರಿಗೆ ಪ್ರತ್ಯೇಕ ವಿನಂತಿ. ಅತಿಥಿಗಳು ರುಚಿ ನೋಡಿ ಮೆಚ್ಚಿ, ಹೊರಡುವಾಗ ಎರಡು ಬಾಟಲಿ ಕೇಳುತ್ತಾರೆ. ಇಲ್ಲವೆನ್ನಲು ಸಂಕೋಚ ನಮಗೂ ಆಗುತ್ತದೆ. ಆದರೆ ಆ ಬಾಟಲಿ ಬಿಸಿಲಿಗೆ ಕಾದ ಕಾರಿನ ಡಿಕ್ಕಿಯಲ್ಲಿ ಆರು ಗಂಟೆ ಕುಲುಕಿಕೊಂಡು ಬೆಂಗಳೂರು ಸೇರಬೇಕು. ತೆರೆಯುವ ಕೈ ಯಾವ ಮಗುವಿನದೋ ಯಾರು ಬಲ್ಲರು? ಬಾಟಲಿಯ ಬದಲು ಎರಡು ಕಿಲೋ ಶುಂಠಿಯನ್ನೂ ಮಾಡುವ ಕ್ರಮ ಬರೆದ ಚೀಟಿಯನ್ನೂ ಕೊಡಿ. ಮನೆಯಲ್ಲಿ ಲೋಟಕ್ಕೆ ಹಾಕಿಕೊಡುವಾಗಲೂ ಇದರಲ್ಲಿ ಅಲ್ಪ ಪ್ರಮಾಣದ ಮದ್ಯಸಾರ ಇರುತ್ತದೆಂದು ಮೊದಲೇ ತಿಳಿಸುವುದು ಧರ್ಮ. ಅದನ್ನು ಮುಟ್ಟದ ವ್ರತದವರು ನಮ್ಮಲ್ಲೂ ಇದ್ದಾರೆ, ಬರುವವರಲ್ಲೂ ಇರುತ್ತಾರೆ.

ಈಗಾಗಲೇ ಗಾಜಿನ ಬಾಟಲಿಗಳಲ್ಲಿ ತುಂಬಿ ಎಲ್ಲಿಯೋ ಇಟ್ಟಿರುವವರು ಈ ಸಂಚಿಕೆ ಕೈಸೇರಿದ ದಿನವೇ ಮಕ್ಕಳನ್ನು ಆ ಕೋಣೆಗೆ ಬಿಡದಿರಲಿ. ಬಾಟಲಿಗಳ ಮೇಲೆ ಒದ್ದೆ ಗೋಣಿಚೀಲ ದಪ್ಪವಾಗಿ ಹೊದಿಸಿ ಒಂದು ರಾತ್ರಿ ತಣಿಯಲು ಬಿಡಿ. ಬೆಳಗಿನ ಚಳಿ ಇಳಿಯುವ ಮೊದಲೇ, ಕಣ್ಣಿಗೆ ಕನ್ನಡಕ, ಕೈಗೆ ಕಳೆ ತೆಗೆಯುವ ದಪ್ಪ ಗವಸು ಹಾಕಿ, ಗೋಣಿಯ ಮೇಲಿನಿಂದಲೇ ಹಿಡಿದು, ಅಲುಗಿಸದೆ, ಮುಖ ಆಚೆ ತಿರುಗಿಸಿ ಮುಚ್ಚಳವನ್ನು ಕಾಲು ಸುತ್ತು ಮಾತ್ರ ಸಡಿಲಿಸಿ. ಸುಯ್ಯೆನ್ನುವುದು ನಿಂತ ಮೇಲೆ ಇನ್ನೊಂದು ಕಾಲು ಸುತ್ತು.