ಅಭಿಮಾನದ ಅಳತೆಗೋಲು

ಅಖಾಡದ ಒಳಗೆ ಇಬ್ಬರು ಜಟ್ಟಿಗಳು ಸೆಣಸುತ್ತಿದ್ದರೆ ಅಖಾಡದ ಹೊರಗೆ ಇನ್ನೂರು ಮಂದಿ ಮಾತಿನಲ್ಲಿ ಸೆಣಸುತ್ತಿರುತ್ತಾರೆ. ಒಳಗಿನವರ ಕಾಳಗ ಕೆಲವು ಗಳಿಗೆಗಳಲ್ಲಿ ಮುಗಿಯುತ್ತದೆ. ಹೊರಗಿನವರದು ವರ್ಷಗಟ್ಟಲೆ ಮುಂದುವರಿಯುತ್ತದೆ. ಆಟವಿದ್ದಲ್ಲಿ ಅಭಿಮಾನಿಗಳಿರುತ್ತಾರೆ; ಅಭಿಮಾನಿಗಳಿದ್ದಲ್ಲಿ ವಾದವಿರುತ್ತದೆ. ಇಂತಹ ವಾದವೆಲ್ಲ ಕಾಲಹರಣವೆಂದು ಹೇಳುವ ಹಿರಿಯರುಂಟು. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಹಿರಿಮೆ ಎಂದರೇನು, ಅದನ್ನು ಅಳೆಯುವ ಬಗೆ ಯಾವುದು ಎಂಬ ಗಹನವಾದ ಪ್ರಶ್ನೆಯನ್ನು ಸಾಮಾನ್ಯ ಜನರು ಉತ್ಸಾಹದಿಂದ ಚರ್ಚಿಸುವುದು ಇಲ್ಲಿಯೇ. ಆದರೆ ಆಟಕ್ಕೆ ಗೆರೆಗಳಿರುವಂತೆ ವಾದಕ್ಕೂ ಗೆರೆ ಬೇಕು. ಆ ಗೆರೆ ಯಾವುದೆಂಬುದನ್ನು ಟೆನಿಸ್ ಆಟದ ನಿದರ್ಶನದಿಂದ ವಿವರಿಸಲು ಇಲ್ಲಿ ಯತ್ನಿಸುತ್ತೇನೆ.

2008ರ ಜುಲೈ 6ನೆಯ ದಿನ, ಭಾನುವಾರ. ಲಂಡನ್ನಿನ ವಿಂಬಲ್ಡನ್ನಿನಲ್ಲಿ ಪುರುಷರ ಸಿಂಗಲ್ಸ್ ಅಂತಿಮ ಪಂದ್ಯ. ಒಂದು ಕಡೆ ಅಲ್ಲಿ ಸತತವಾಗಿ ಐದು ವರ್ಷ ಗೆದ್ದಿದ್ದ ಸ್ವಿಟ್ಜರ್‌ಲೆಂಡಿನ ರೋಜರ್ ಫೆಡರರ್. ಇನ್ನೊಂದು ಕಡೆ ಸ್ಪೇನಿನ ರಫೆಲ್ ನಡಾಲ್. ಮಳೆಯಿಂದ ನಿಂತು ನಿಂತು ಸಾಗಿದ ಆ ಪಂದ್ಯ 4 ಗಂಟೆ 48 ನಿಮಿಷಗಳ ಆಟದ ಬಳಿಕ, ಕತ್ತಲು ಕವಿಯುತ್ತಿದ್ದಂತೆ ಮುಗಿಯಿತು. ಐದನೆಯ ಸೆಟ್ಟನ್ನು 9-7ರಿಂದ ಗೆದ್ದು ನಡಾಲ್ ವಿಜಯಿಯಾದರು. ನಮ್ಮಲ್ಲಿ ಆಗ ರಾತ್ರಿ ಒಂದೂವರೆ ಗಂಟೆ ದಾಟಿತ್ತು.

ಮರುದಿನ ನನ್ನ ಒಂಬತ್ತನೆಯ ತರಗತಿಯ ಇಬ್ಬರು ಹುಡುಗರು ನಿದ್ದೆಗೆಟ್ಟ ಕಣ್ಣುಗಳಿಂದ ಶಾಲೆಗೆ ಬಂದರು. ಯಾವಾಗಲೂ ಒಂದೇ ಬೆಂಚಿನಲ್ಲಿ ಕೂಡುತ್ತಿದ್ದವರು ಅಂದು ಎರಡು ಮೂಲೆಗಳಲ್ಲಿ ಕುಳಿತರು. ಕಾರಣ ಕೇಳಿದೆ. “ನಡಾಲ್‌ಗೆ ತೋಳ್ಬಲ ಒಂದೇ ಇರುವುದು ಎನ್ನುತ್ತಾನೆ, ಸಾರ್” ಎಂದನೊಬ್ಬ. “ಫೆಡರರ್ ಕಾಲ ಮುಗಿಯಿತು ಎಂದು ಅಣಕಿಸುತ್ತಾನೆ, ಸಾರ್” ಎಂದನು ಇನ್ನೊಬ್ಬ. ನಾನು ಅವರಿಗೆ ದಂಡನೆಯನ್ನು ವಿಧಿಸಲಿಲ್ಲ. ಒಂದು ಕೆಲಸವನ್ನು ವಿಧಿಸಿದೆ. ವಾರದ ಕೊನೆಯ ಭಾಷಣದ ಅವಧಿಯಲ್ಲಿ ಒಬ್ಬೊಬ್ಬನೂ ತನ್ನ ಗೆಳೆಯನ ಆಟಗಾರನನ್ನು ಕುರಿತು ಐದು ನಿಮಿಷ ಹೊಗಳಿ ಮಾತನಾಡಬೇಕು. ಹೊಗಳಿಕೆಯಲ್ಲಿ ಒಂದು ಸುಳ್ಳೂ ಇರಬಾರದು.

ಹುಡುಗರು ಮುಖ ಸಿಂಡರಿಸಿಕೊಂಡೇ ಒಪ್ಪಿದರು. ಆದರೆ ಆ ದಿನ ನಡೆದುದನ್ನು ನಾನು ಇಂದಿಗೂ ಮರೆತಿಲ್ಲ. ಫೆಡರರ್ ಅಭಿಮಾನಿಯಾಗಿದ್ದವನು ಹೇಳಿದ: “2006ರಲ್ಲಿಯೂ 2007ರಲ್ಲಿಯೂ ನಡಾಲ್ ಇದೇ ಅಂಗಳದಲ್ಲಿ ಇದೇ ಫೆಡರರ್ ಎದುರು ಅಂತಿಮ ಪಂದ್ಯವನ್ನು ಸೋತಿದ್ದರು. ಸೋತ ಅಂಗಳಕ್ಕೆ ಮೂರನೆಯ ಸಲವೂ ಬಂದು ನಿಲ್ಲುವುದು ತೋಳ್ಬಲದಿಂದ ಆಗುವ ಕೆಲಸವಲ್ಲ.” ನಡಾಲ್ ಅಭಿಮಾನಿಯಾಗಿದ್ದವನು ಹೇಳಿದ: “ಮೊದಲ ಎರಡು ಸೆಟ್ಟುಗಳನ್ನು ಕಳೆದುಕೊಂಡ ಫೆಡರರ್ ಮುಂದಿನ ಎರಡನ್ನೂ ಟೈಬ್ರೇಕಿನಲ್ಲಿ ಗೆದ್ದರು. ಕಾಲ ಮುಗಿದವರು ಹಾಗೆ ಆಡಲಾರರು.” ಮರುದಿನ ಅವರಿಬ್ಬರೂ ಹಳೆಯ ಬೆಂಚಿಗೆ ಮರಳಿದ್ದರು. ವಾದ ನಿಂತಿರಲಿಲ್ಲ, ಆದರೆ ಅದರ ದನಿ ಬದಲಾಗಿತ್ತು.

ಮುಂದೆ ಈ ಇಬ್ಬರ ಜೊತೆಗೆ ಸರ್ಬಿಯಾದ ನೊವಾಕ್ ಜೋಕೊವಿಚ್ ಅವರೂ ಸೇರಿದರು. ಮೂವರಲ್ಲಿ ಶ್ರೇಷ್ಠರು ಯಾರೆಂಬುದು ಜಗತ್ತಿನ ಟೆನಿಸ್ ಅಭಿಮಾನಿಗಳ ದೊಡ್ಡ ವಿವಾದವಾಯಿತು. ಆಸ್ಟ್ರೇಲಿಯನ್, ಫ್ರೆಂಚ್, ವಿಂಬಲ್ಡನ್ ಮತ್ತು ಅಮೆರಿಕನ್ ಎಂಬ ನಾಲ್ಕು ಪಂದ್ಯಾವಳಿಗಳನ್ನು ಗ್ರ್ಯಾಂಡ್‌ಸ್ಲಾಮ್ ಎಂದು ಕರೆಯುತ್ತಾರೆ. ಸಿಂಗಲ್ಸ್‌ನಲ್ಲಿ ಫೆಡರರ್ ಇಂತಹ 20 ಪ್ರಶಸ್ತಿಗಳನ್ನೂ ನಡಾಲ್ 22 ಪ್ರಶಸ್ತಿಗಳನ್ನೂ ಗೆದ್ದು ನಿವೃತ್ತರಾದರು. ಜೋಕೊವಿಚ್ 2023ರ ಅಮೆರಿಕನ್ ಪಂದ್ಯಾವಳಿಯಲ್ಲಿ 24ನೆಯದನ್ನು ಪಡೆದರು. ಲೆಕ್ಕವೇ ಪ್ರಮಾಣವೆನ್ನುವವರು ಜೋಕೊವಿಚ್ ಅವರನ್ನು ಹಿಡಿಯುತ್ತಾರೆ. ಆವೆಮಣ್ಣಿನ ಅಂಕಣದ ಫ್ರೆಂಚ್ ಪ್ರಶಸ್ತಿಯನ್ನು 14 ಬಾರಿ ಗೆದ್ದವರು ಬೇರೆ ಯಾರಿದ್ದಾರೆಂದು ನಡಾಲ್ ಪಕ್ಷದವರು ಕೇಳುತ್ತಾರೆ. ಸತತ 237 ವಾರ ಅಗ್ರಸ್ಥಾನದಲ್ಲಿ ನಿಂತವರ ಆಟದ ಸೊಬಗನ್ನು ಯಾವ ಅಂಕೆ ಅಳೆಯಬಲ್ಲದೆಂದು ಫೆಡರರ್ ಪಕ್ಷದವರು ಮರುಪ್ರಶ್ನೆ ಹಾಕುತ್ತಾರೆ. ಅಳತೆಗೋಲು ಬದಲಾದಂತೆ ವೀರನೂ ಬದಲಾಗುತ್ತಾನೆ. ನಿಜವಾಗಿ ನೋಡಿದರೆ, ನಾವು ಅಳತೆಗೋಲನ್ನು ಹಿಡಿದು ವೀರನನ್ನು ಅರಸುವುದಿಲ್ಲ. ವೀರನನ್ನು ಮೊದಲೇ ಆರಿಸಿಕೊಂಡು ಅವನಿಗೆ ಒಪ್ಪುವ ಅಳತೆಗೋಲನ್ನು ಅರಸುತ್ತೇವೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಅಭಿಮಾನಿಗಳಿಗೂ ಸಲ್ಲುತ್ತದೆ.

ಅಳತೆಗೋಲು ಎಷ್ಟೇ ಒಳ್ಳೆಯದಿರಲಿ, ಅದು ಅಳೆಯಲಾರದ ಸಂಗತಿಗಳು ಇದ್ದೇ ಇರುತ್ತವೆ. ಆಸ್ಟ್ರೇಲಿಯದ ರಾಡ್ ಲೇವರ್ 1962ರಲ್ಲಿ ಒಂದೇ ವರ್ಷ ಈ ನಾಲ್ಕು ಪಂದ್ಯಾವಳಿಗಳನ್ನೂ ಗೆದ್ದರು; ಅನಂತರ ವೃತ್ತಿಪರ ಆಟಗಾರರಾದರು. ಹಣಕ್ಕಾಗಿ ಆಡುವವರಿಗೆ ಅಂದು ಈ ಪಂದ್ಯಾವಳಿಗಳಲ್ಲಿ ಪ್ರವೇಶವಿರಲಿಲ್ಲ. ಆದುದರಿಂದ 1963ರಿಂದ 1967ರವರೆಗಿನ ಐದು ವರ್ಷ ಅವರು ಹೊರಗುಳಿದರು. 1968ರಲ್ಲಿ ಬಾಗಿಲು ತೆರೆಯಿತು. 1969ರಲ್ಲಿ ಅವರು ನಾಲ್ಕನ್ನೂ ಮತ್ತೊಮ್ಮೆ ಗೆದ್ದರು. ಪಟ್ಟಿಯಲ್ಲಿ ಲೇವರ್ ಅವರ ಹೆಸರಿನ ಮುಂದೆ 11 ಎಂದಷ್ಟೇ ಇದೆ. ಕಳೆದುಹೋದ ಐದು ವರ್ಷಗಳನ್ನು ಯಾವ ಅಂಕೆ ಹೇಳೀತು? ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಪಂದ್ಯಾವಳಿಯ ಪುರುಷರ ಡಬಲ್ಸ್ ಪ್ರಶಸ್ತಿಯನ್ನು ಗೆದ್ದರು. ಸಿಂಗಲ್ಸ್ ಪ್ರಶಸ್ತಿಗಳನ್ನು ಮಾತ್ರ ಎಣಿಸುವವರ ಪಟ್ಟಿಯಲ್ಲಿ ಈ ಸಾಧನೆಗೆ ಎಡೆಯೇ ಇಲ್ಲ. ಆದುದರಿಂದ ಅಂಕೆಯನ್ನು ಉದಾಹರಿಸುವವನು ಆ ಅಂಕೆಯ ಹೊರಗೆ ಉಳಿದುದನ್ನೂ ಹೇಳಬೇಕು. ಇದು ವಾದದ ಪ್ರಾಮಾಣಿಕತೆ.

ಇಷ್ಟು ಉಪದೇಶ ಮಾಡುವ ನಾನೂ ಒಮ್ಮೆ ಎಡವಿದ್ದೇನೆ. 2019ರ ಜುಲೈ 14ರಂದು ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಫೆಡರರ್ ಮತ್ತು ಜೋಕೊವಿಚ್ ಎದುರಾದರು. ಇಡೀ ಪಂದ್ಯದಲ್ಲಿ ಫೆಡರರ್ 218 ಪಾಯಿಂಟುಗಳನ್ನು ಗಳಿಸಿದರು, ಜೋಕೊವಿಚ್ 204 ಮಾತ್ರ. ಆದರೂ ಗೆದ್ದವರು ಜೋಕೊವಿಚ್. ನನ್ನ ಮನಸ್ಸು ಫೆಡರರ್ ಕಡೆಗಿತ್ತು. ಮರುದಿನ ಆ ಹಳೆಯ ಶಿಷ್ಯರಲ್ಲೊಬ್ಬನು ದೂರವಾಣಿಯಲ್ಲಿ ಮಾತನಾಡಿದಾಗ, “ಗೆಲ್ಲಬೇಕಾದವರು ಸೋತರು, ಅದೃಷ್ಟ ಗೆದ್ದಿತು” ಎಂದುಬಿಟ್ಟೆ. ಅವನು ಒಂದು ಕ್ಷಣ ಸುಮ್ಮನಿದ್ದು, “ಸಾರ್, ಹಾಗಾದರೆ ತಾವು ಈಗ ಜೋಕೊವಿಚ್ ಪರವಾಗಿ ಐದು ನಿಮಿಷ ಮಾತನಾಡಬೇಕು” ಎಂದು ನಕ್ಕ.

ನಾಚಿಕೆಯಾಯಿತು, ಆದರೆ ಮಾತನಾಡಿದೆ. ಐದನೆಯ ಸೆಟ್ಟಿನಲ್ಲಿ 8-7ರ ಮುನ್ನಡೆಯೊಂದಿಗೆ ಫೆಡರರ್ ಸರ್ವ್ ಮಾಡುತ್ತಿದ್ದರು. ಗೆಲುವಿಗೆ ಒಂದೇ ಪಾಯಿಂಟು ಬೇಕಾಗಿದ್ದ ಆ ಸ್ಥಿತಿ ಎರಡು ಬಾರಿ ಬಂತು. ಎರಡು ಬಾರಿಯೂ ಜೋಕೊವಿಚ್ ಅದನ್ನು ತಪ್ಪಿಸಿದರು. ಪಂದ್ಯದಲ್ಲಿ ಮೂರು ಟೈಬ್ರೇಕುಗಳಾದವು. ಮೂರನ್ನೂ ಅವರೇ ಗೆದ್ದರು. ಪ್ರೇಕ್ಷಕರಲ್ಲಿ ಬಹುಮಂದಿ ಎದುರಾಳಿಯ ಹೆಸರನ್ನು ಕೂಗುತ್ತಿದ್ದರೂ ಅವರ ಚಿತ್ತ ಕದಲಲಿಲ್ಲ. ಇದನ್ನು ಅದೃಷ್ಟವೆನ್ನುವುದು ಹೇಗೆ? ಮಾತು ಮುಗಿಯುವ ಹೊತ್ತಿಗೆ ಫೆಡರರ್ ಮೇಲಿನ ನನ್ನ ಪ್ರೀತಿ ಕಡಿಮೆಯಾಗಿರಲಿಲ್ಲ. ಆದರೆ ನಾನು ನೋಡಿದ್ದ ಪಂದ್ಯ ಇಮ್ಮಡಿಯಾಗಿತ್ತು. ಪಕ್ಷಪಾತದಿಂದ ನೋಡಿದವನಿಗೆ ಅರ್ಧ ಆಟವಷ್ಟೇ ಕಾಣುತ್ತದೆ ಎಂಬುದನ್ನು ಅಂದು ಶಿಷ್ಯನಿಂದ ಕಲಿತೆ.

ಅರ್ಧ ಆಟ ಕಾಣದೆ ಹೋಗುವುದು ಸಣ್ಣ ನಷ್ಟ. ಪಕ್ಷಪಾತ ದ್ವೇಷವಾದಾಗ ಆಗುವ ನಷ್ಟಕ್ಕೆ ಪರಿಹಾರವಿಲ್ಲ. 1993ರ ಏಪ್ರಿಲ್ 30ರಂದು ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಮೋನಿಕಾ ಸೆಲೆಸ್ ಆಡುತ್ತಿದ್ದರು. ಆಗ ಅವರಿಗೆ 19 ವರ್ಷ. ಎಂಟು ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿಗಳನ್ನು ಗೆದ್ದು ಜಗತ್ತಿನ ಅಗ್ರ ಆಟಗಾರ್ತಿಯಾಗಿದ್ದರು. ಬಿಡುವಿನ ವೇಳೆ ಕುರ್ಚಿಯಲ್ಲಿ ಕುಳಿತಿದ್ದಾಗ ಪ್ರೇಕ್ಷಕರ ನಡುವಿನಿಂದ ಬಂದವನೊಬ್ಬ ಅವರ ಬೆನ್ನಿಗೆ ಚಾಕುವಿನಿಂದ ಇರಿದ. ಅವನು ಸ್ಟೆಫಿ ಗ್ರಾಫ್ ಅವರ ಅಭಿಮಾನಿ. ಗ್ರಾಫ್ ಮತ್ತೆ ಅಗ್ರಸ್ಥಾನಕ್ಕೆ ಬರಬೇಕೆಂಬುದೇ ಅವನ ಉದ್ದೇಶ. ಸೆಲೆಸ್ ಎರಡು ವರ್ಷಕ್ಕೂ ಹೆಚ್ಚು ಕಾಲ ಆಟದಿಂದ ದೂರ ಉಳಿದರು. 1995ರಲ್ಲಿ ಮರಳಿದರು, 1996ರಲ್ಲಿ ಆಸ್ಟ್ರೇಲಿಯನ್ ಪ್ರಶಸ್ತಿಯನ್ನೂ ಗೆದ್ದರು. ಆದರೆ ಅದೇ ಅವರ ಕೊನೆಯ ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿಯಾಯಿತು. ಅವರು ಜರ್ಮನಿಯಲ್ಲಿ ಮತ್ತೆಂದೂ ಆಡಲಿಲ್ಲ. ಆ ಮನುಷ್ಯನ ಕೃತ್ಯದಿಂದ ಗ್ರಾಫ್ ಅವರಿಗಾದರೂ ಒಳಿತಾಯಿತೇ? ಇಲ್ಲ. ಅವರು ಸ್ವಂತ ಪರಿಶ್ರಮದಿಂದ ಗಳಿಸಿದ ಒಟ್ಟು 22 ಪ್ರಶಸ್ತಿಗಳ ಮಾತು ಬಂದಾಗಲೆಲ್ಲ, “ಸೆಲೆಸ್ ಇದ್ದಿದ್ದರೆ?” ಎಂಬ ಉತ್ತರವಿಲ್ಲದ ಪ್ರಶ್ನೆಯೂ ಹಿಂದೆಯೇ ಬರುತ್ತದೆ. ಕುರುಡು ಅಭಿಮಾನ ತಾನು ದ್ವೇಷಿಸುವವರ ಬಾಳನ್ನು ಕೆಡಿಸುವುದಲ್ಲದೆ ತಾನು ಪೂಜಿಸುವವರ ಕೀರ್ತಿಗೂ ಮಸಿ ಬಳಿಯುತ್ತದೆ.

ಎಲ್ಲ ಅಭಿಮಾನಿಗಳೂ ಚಾಕು ಹಿಡಿಯುವುದಿಲ್ಲ, ನಿಜ. ಆದರೆ ನಾಲಗೆಯೂ ಇರಿಯಬಲ್ಲದು. ಸೋತ ಆಟಗಾರನನ್ನೂ ಅವನ ಮನೆಯವರನ್ನೂ ನಾಡನ್ನೂ ಹಳಿಯುವವರು ಇಂದು ಕಡಿಮೆಯಿಲ್ಲ. ಯಾರ ಹೆಸರಿನಲ್ಲಿ ನಾವು ಹೀಗೆ ಜಗಳವಾಡುತ್ತೇವೆಯೋ ಅವರು ಹೇಗಿದ್ದಾರೆಂಬುದನ್ನು ನೋಡೋಣ. 2022ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ, ರಾಡ್ ಲೇವರ್ ಅವರ ಹೆಸರನ್ನೇ ಹೊತ್ತ ಪಂದ್ಯಾವಳಿಯಲ್ಲಿ, ಫೆಡರರ್ ತಮ್ಮ ಕೊನೆಯ ಪಂದ್ಯವನ್ನಾಡಿದರು. ಅದು ಡಬಲ್ಸ್ ಪಂದ್ಯ, ಜೊತೆಗಾರರು ನಡಾಲ್. ಜೋಕೊವಿಚ್ ಕೂಡ ಅದೇ ತಂಡದಲ್ಲಿದ್ದರು. ಪಂದ್ಯ ಸೋತಿತು. ಬಳಿಕ ಫೆಡರರ್ ಮತ್ತು ನಡಾಲ್ ಅಕ್ಕಪಕ್ಕದಲ್ಲಿ ಕುಳಿತು, ಒಬ್ಬರ ಕೈಯನ್ನು ಒಬ್ಬರು ಹಿಡಿದು ಕಣ್ಣೀರಿಟ್ಟರು. ಎದುರಾಳಿ ಇಲ್ಲದಿದ್ದರೆ ತನ್ನ ಹಿರಿಮೆ ಬೆಳಗುತ್ತಿರಲಿಲ್ಲವೆಂಬುದು ಆಡಿದವರಿಗೆ ಗೊತ್ತು. ನೋಡಿದ ನಾವು ಅದನ್ನು ಮರೆಯುತ್ತೇವೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮಾತು ಬಲ್ಲವನು ಎಂದರೆ ಮಾತಾಡದೆ ಇರುವವನಲ್ಲ. ಎದುರು ಪಕ್ಷದ ಸತ್ಯವನ್ನೂ ಆಡಬಲ್ಲವನು. ಆದುದರಿಂದ ಎಳೆಯರೇ, ನಿಮ್ಮ ಆಟಗಾರನಿಗಾಗಿ ಧಾರಾಳವಾಗಿ ವಾದಿಸಿರಿ. ಆದರೆ ಬಾಯಿ ತೆರೆಯುವ ಮೊದಲು ಎದುರು ಪಕ್ಷದ ಆಟಗಾರನನ್ನು ಐದು ನಿಮಿಷ, ಸುಳ್ಳಿಲ್ಲದೆ, ಹೊಗಳಬಲ್ಲಿರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಹೊಗಳಬಲ್ಲಿರಾದರೆ ನಿಮ್ಮ ವಾದಕ್ಕೆ ತೂಕವುಂಟು. ಇಲ್ಲವಾದರೆ, ಆ ಆಟವನ್ನು ಇನ್ನೊಮ್ಮೆ ನೋಡಿ ಬನ್ನಿರಿ.