ಕ್ಯಾಂಪರಿಗೆ ಒಂದು ಅಡಿಮಣೆ

ಒಲೆಯ ಮೂರು ಗುಂಡುಗಳಲ್ಲಿ ಒಂದು ತಗ್ಗಾದರೂ ಹಂಡೆ ವಾಲುತ್ತದೆ. ಹೊರುವ ನೆಲೆ ಸಮನಾಗಿಲ್ಲದಿದ್ದರೆ, ಹೊತ್ತ ವಸ್ತು ಎಷ್ಟೇ ಬೆಲೆಬಾಳುವುದಾದರೂ ನೆಟ್ಟಗೆ ನಿಲ್ಲಲಾರದು. ಅಮೆರಿಕ ಮತ್ತು ಕೆನಡಾ ದೇಶಗಳ ಹೆದ್ದಾರಿಗಳಲ್ಲಿ ಕಾಣಸಿಗುವ ‘ಟ್ರಕ್ ಕ್ಯಾಂಪರ್’ ಎಂಬ ಸಂಚಾರಿ ಮನೆಗೂ ಈ ಮಾತು ಸಲ್ಲುತ್ತದೆ. ಆ ನಾಡುಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳಿಗೂ ಮರಗೆಲಸದಲ್ಲಿ ಆಸಕ್ತಿಯುಳ್ಳ ಇತರ ವಾಚಕರಿಗೂ ಉಪಯುಕ್ತವಾದೀತೆಂದು ಈ ಸಂಚಿಕೆಯಲ್ಲಿ ಅದರ ಅಡಿಮಣೆಯ ವಿಚಾರವನ್ನು ಎತ್ತಿಕೊಳ್ಳಲಾಗಿದೆ.

ಟ್ರಕ್ ಕ್ಯಾಂಪರಿಗೆ ಸ್ವಂತ ಗಾಲಿಗಳಿಲ್ಲ. ಹಾಸಿಗೆ, ಒಲೆ, ನೀರಿನ ತೊಟ್ಟಿಗಳುಳ್ಳ ಈ ಪುಟ್ಟ ಕೋಣೆಯನ್ನು ಪಿಕಪ್ ಟ್ರಕ್ಕಿನ ಹಿಂಬದಿಯ ಸರಕು ತೊಟ್ಟಿಯಲ್ಲಿ ಕೂಡಿಸಿ, ನಾಲ್ಕು ಮೂಲೆಗಳಲ್ಲಿ ಬಿಗಿಯುತ್ತಾರೆ. ಪ್ರಸಿದ್ಧ ಲೇಖಕ ಜಾನ್ ಸ್ಟೈನ್‌ಬೆಕ್ 1960ರಲ್ಲಿ ತನ್ನ ನಾಯಿಯೊಡನೆ ಅಮೆರಿಕವನ್ನು ಸುತ್ತಿದ್ದು ಇಂಥದೇ ವಾಹನದಲ್ಲಿ. ಡಾನ್ ಕಿಹೋಟೆಯ ಕುದುರೆಯ ಹೆಸರಾದ ‘ರೋಸಿನಾಂಟೆ’ ಎಂಬುದನ್ನೇ ಆತ ಅದಕ್ಕಿಟ್ಟಿದ್ದನು.

ಹಳೆಯ ಕ್ಯಾಂಪರ್ ಅಗ್ಗವಾಗಿ ದೊರೆಯುತ್ತದೆಂದು ಕೊಂಡು ಹೊಸ ಟ್ರಕ್ಕಿನ ಮೇಲೆ ಕೂಡಿಸಹೊರಟಾಗ ತೊಡಕು ತಲೆದೋರುತ್ತದೆ. ಇಂದಿನ ಟ್ರಕ್ಕುಗಳ ತೊಟ್ಟಿಯ ಪಕ್ಕಗೋಡೆಗಳು ಹಿಂದಿನವುಗಳಿಗಿಂತ ಎತ್ತರ. ಇದರಿಂದ ಕ್ಯಾಂಪರಿನ ಎರಡೂ ಬದಿಗೆ ಚಾಚಿರುವ ರೆಕ್ಕೆಗಳು ಗೋಡೆಯ ಅಂಚಿಗೆ ತಾಗುತ್ತವೆ, ಇಲ್ಲವೇ ಮುಂಚಾಚು ಚಾಲಕನ ಕೋಣೆಯ ಛಾವಣಿಗೆ ಉಜ್ಜುತ್ತದೆ. ತಳದ ಮೇಲೆ ಕೂರಬೇಕಾದ ಭಾರ ರೆಕ್ಕೆಗಳ ಮೇಲೆ ಬಿದ್ದರೆ ಒಳಗಿನ ಮರದ ಚೌಕಟ್ಟು ಬಿರಿಯುತ್ತದೆ. ಬಿರುಕಿನಲ್ಲಿ ಮಳೆನೀರು ಇಳಿದು ಮರ ಕೊಳೆಯುತ್ತದೆ. ಇದಕ್ಕೆ ಪರಿಹಾರ ತಳದಲ್ಲಿಡುವ ಅಡಿಮಣೆ.

ಮೊದಲು ಅಳತೆ. ತೊಟ್ಟಿಯ ನೆಲದಿಂದ ಗೋಡೆಯ ಅಂಚಿನವರೆಗೆ 20½ ಅಂಗುಲವೆಂದೂ, ಕ್ಯಾಂಪರಿನ ತಳದಿಂದ ರೆಕ್ಕೆಯ ಅಡಿಯವರೆಗೆ 19 ಅಂಗುಲವೆಂದೂ ಭಾವಿಸೋಣ. ಕೊರತೆ 1½ ಅಂಗುಲ. ದಾರಿಯ ಏರಿಳಿತಗಳಲ್ಲಿ ಟ್ರಕ್ಕು ತಿರುಚಿಕೊಳ್ಳುವುದರಿಂದ ಇನ್ನೂ 1½ ಅಂಗುಲ ಬಿಡುವು ಬೇಕು. ಒಟ್ಟು ಎತ್ತರ 3 ಅಂಗುಲ. ಛಾವಣಿಯ ಮೇಲಿನ ಅಂತರವನ್ನೂ ಹೀಗೆಯೇ ಅಳೆದು, ಎರಡರಲ್ಲಿ ಹೆಚ್ಚಿನದನ್ನು ಆರಿಸಬೇಕು. ಆದರೆ ಅಗತ್ಯಕ್ಕಿಂತ ಒಂದಂಗುಲವೂ ಹೆಚ್ಚು ಬೇಡ; ಭಾರ ಮೇಲೇರಿದಷ್ಟೂ ತಿರುವುಗಳಲ್ಲಿ ವಾಹನ ವಾಲುತ್ತದೆ.

ಈ 3 ಅಂಗುಲವನ್ನು ಹೊಂದಿಸುವುದು ಕಷ್ಟವಲ್ಲ. ಅಲ್ಲಿ ‘ಎರಡು–ನಾಲ್ಕು’ ಎಂದು ಮಾರುವ ರೀಪಿನ ನಿಜವಾದ ಅಳತೆ 1½ ಮತ್ತು 3½ ಅಂಗುಲ. 8 ಅಡಿ ಉದ್ದದ ಇಂಥ ಐದು ರೀಪುಗಳನ್ನು ಒಂದೊಂದು ಅಡಿಯ ಅಂತರದಲ್ಲಿ ಚಪ್ಪಟೆಯಾಗಿ, ವಾಹನದ ಉದ್ದಕ್ಕೆ ಸಮಾನಾಂತರವಾಗಿ ಇಡಬೇಕು. ಆಗ ನೀರು ನಡುವಿನಿಂದ ಹಿಂದಕ್ಕೆ ಹರಿದುಹೋಗುತ್ತದೆ. ಮೇಲೆ 4 ಅಡಿಗೆ 8 ಅಡಿಯ, ¾ ಅಂಗುಲದ ಪ್ಲೈವುಡ್ ಹಲಗೆಯನ್ನು 2 ಅಂಗುಲದ ಸ್ಕ್ರೂಗಳಿಂದ ಬಿಗಿದು, ಅವುಗಳ ತಲೆಗಳು ಹಲಗೆಯೊಳಗೆ ಮುಳುಗುವಂತೆ ಮಾಡಬೇಕು. ಹಲಗೆಯ ಅಂಚುಗಳೇ ಮೊದಲು ನೀರು ಹೀರುವುದರಿಂದ ಅಲ್ಲಿ ಬಣ್ಣ ಎರಡು ಸಲ ಬಳಿಯುವುದು ಲೇಸು. ಕೊನೆಗೆ ಕುದುರೆ ಲಾಯಗಳಲ್ಲಿ ಹಾಸುವ ¾ ಅಂಗುಲದ ರಬ್ಬರ್ ಹಾಸನ್ನು ಮೇಲೆ ಹರಡಿದರೆ ಎತ್ತರ ಪೂರ್ಣವಾಗುತ್ತದೆ. ಕ್ಯಾಂಪರ್ ಜಾರುವುದೂ ತಪ್ಪುತ್ತದೆ. ತೊಟ್ಟಿಯಲ್ಲಿ ನುಣುಪಾದ ಪ್ಲಾಸ್ಟಿಕ್ ಒಳಹೊದಿಕೆ ಇದ್ದರೆ ಅದನ್ನು ಮೊದಲೇ ತೆಗೆಯತಕ್ಕದ್ದು.

ಮರದ ಆಯ್ಕೆಯಲ್ಲಿ ಒಂದು ಎಚ್ಚರ. ಗೆದ್ದಲು ಹಿಡಿಯದಂತೆ ತಾಮ್ರದ ಲವಣಗಳಿಂದ ಸಂಸ್ಕರಿಸಿದ ಮರ ತೇವವಿದ್ದಾಗ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ಫೋರ್ಡ್ ಎಫ್-150 ಟ್ರಕ್ಕಿನ ಮೈ 2015ರ ಮಾದರಿಯಿಂದ ಅಲ್ಯುಮಿನಿಯಮ್ಮಿನದು. ಇಂಥಲ್ಲಿ ಬಣ್ಣ ಬಳಿದ ಸಾಧಾರಣ ಮರವೇ ಯೋಗ್ಯ.

ಮರದ ಭಾರ ಬೇಡವೆನ್ನುವವರು ಥರ್ಮೋಕೋಲಿನ ಜಾತಿಯ, ಆದರೆ ಅದಕ್ಕಿಂತ ಗಟ್ಟಿಯಾದ, ಮನೆಗೋಡೆಗಳಿಗೆ ಬಳಸುವ ನೊರೆಹಲಗೆಯನ್ನು ಉಪಯೋಗಿಸುವುದುಂಟು. ಅದು ಮುರಿದೀತೆಂಬ ಶಂಕೆ ಸಹಜ. ಲೆಕ್ಕ ಹೀಗಿದೆ: 3,000 ಪೌಂಡಿನ ಕ್ಯಾಂಪರ್ 4 ಅಡಿಗೆ 8 ಅಡಿ ತಳದ ಮೇಲೆ ಸಮನಾಗಿ ಕುಳಿತರೆ ಚದರ ಅಂಗುಲಕ್ಕೆ ಬೀಳುವ ಭಾರ ಒಂದು ಪೌಂಡಿಗಿಂತ ಕಡಿಮೆ. 25 ಪೌಂಡು ತಾಳುವುದೆಂದು ಗುರುತಿಸಿದ ಹಲಗೆಗೆ ಇದು ಹೊರೆಯಲ್ಲ. ಆದರೆ ಭಾರ ಒಂದೆಡೆ ಚುಚ್ಚದೆ ಹರಡಬೇಕಾದ್ದರಿಂದ ಮೇಲೊಂದು ಪ್ಲೈವುಡ್ ಇರಲೇಬೇಕು.

ಕ್ಯಾಂಪರಿನ ಮುಂಭಾಗಕ್ಕೂ ತೊಟ್ಟಿಯ ಮುಂಗೋಡೆಗೂ ನಡುವೆ ತೆರಪಿದ್ದರೆ ಅಲ್ಲಿಯೂ ಮರದ ತಡೆ ಕೊಡಬೇಕು. ಇಲ್ಲವಾದರೆ ಥಟ್ಟನೆ ಬ್ರೇಕ್ ಹಾಕಿದಾಗ ಇಡೀ ಕೋಣೆ ಮುನ್ನುಗ್ಗುತ್ತದೆ. ಆದರೆ ಈ ತಡೆಯ ದಪ್ಪದಿಂದ ಕ್ಯಾಂಪರ್ ತೀರ ಹಿಂದೆ ಸರಿದು, ಅದರ ಗುರುತ್ವ ಕೇಂದ್ರ ಹಿಂಗಾಲಿಗಳ ಅಚ್ಚನ್ನು ದಾಟಬಾರದು. ದಾಟಿದರೆ ಮುಂಗಾಲಿಗಳು ಹಗುರಾಗಿ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ.

ಅಡಿಮಣೆ ಎಷ್ಟೇ ಗಟ್ಟಿಯಾಗಿದ್ದರೂ ಅದು ಟ್ರಕ್ಕಿನ ಶಕ್ತಿಯನ್ನು ಹೆಚ್ಚಿಸದು. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಟ್ರಕ್ಕು ಹೊರಬಲ್ಲ ಭಾರವನ್ನು ನಮೂದಿಸಿರುತ್ತಾರೆ. ಕ್ಯಾಂಪರು, ಅಡಿಮಣೆ, ರಬ್ಬರ್ ಹಾಸು, ಲೀಟರಿಗೆ ಒಂದು ಕಿಲೋದಂತೆ ನೀರು, ಪ್ರಯಾಣಿಕರು – ಎಲ್ಲವೂ ಆ ಮಿತಿಯೊಳಗಿರತಕ್ಕದ್ದು. ಲೆಕ್ಕ ಮೀರಿದರೆ ಟೈರು ಒಡೆಯುವುದು ಹೆಂಡಿರು ಮಕ್ಕಳನ್ನು ಕೂಡಿಸಿಕೊಂಡು ಹೊರಟ ದಾರಿಯಲ್ಲೇ ಎಂಬುದನ್ನು ಮರೆಯಬಾರದು.

ಕೂಡಿಸುವಾಗ, ಜಾಕ್‌ಗಳ ಮೇಲಷ್ಟೇ ನಿಂತಿರುವ ಕ್ಯಾಂಪರಿನ ಕೆಳಗೆ ಯಾರೂ ನುಸುಳಕೂಡದು, ಮಕ್ಕಳನ್ನು ದೂರವಿರಿಸಬೇಕು. ಎತ್ತರ ಬದಲಾದುದರಿಂದ ಬಿಗಿಸರಪಳಿಗಳ ಉದ್ದವನ್ನು ಸರಿಹೊಂದಿಸಿ, ಸ್ವಲ್ಪ ದೂರ ಓಡಿಸಿದ ಮೇಲೆ ಇಳಿದು ಮತ್ತೊಮ್ಮೆ ಬಿಗಿಯಬೇಕು. ಕೊನೆಯದಾಗಿ, ನೆಲದಿಂದ ತುತ್ತತುದಿಯವರೆಗಿನ ಹೊಸ ಎತ್ತರವನ್ನು ಅಳೆದು, ಚೀಟಿಯಲ್ಲಿ ಬರೆದು ಸ್ಟಿಯರಿಂಗಿನ ಬಳಿ ಅಂಟಿಸಿರಿ. ತಗ್ಗಿನ ಸೇತುವೆ ಎದುರಾದಾಗ ನೆನಪನ್ನು ನೆಚ್ಚುವುದಕ್ಕಿಂತ ಆ ಚೀಟಿಯನ್ನು ನೋಡಿ ಮುಂದುವರಿಯುವುದು ಕ್ಷೇಮ.